ಗಲ್ಲದ ಕೂದಲೂ ಸಕ್ಕರೆ ಕಾಯಿಲೆಯೂ

ಅಮರಗೋಳದ ನಮ್ಮ ಓಣಿಗೆ ತಿಂಗಳಿಗೊಮ್ಮೆಯಾದರೂ ಕೂದಲು ಕೊಳ್ಳುವವನು ಬರುತ್ತಾನೆ. ಸೈಕಲ್ಲಿನ ಹಿಂದೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಮುಂದೆ ಪಿನ್ನು, ಕ್ಲಿಪ್ಪು, ಬಲೂನುಗಳ ಚೀಲ. ಅವನ ಕೂಗು ಕೇಳಿದೊಡನೆ ಹೆಂಗಸರು ಬಚ್ಚಲ ಗೋಡೆಯ ಸಂದಿಯಲ್ಲೋ ಕನ್ನಡಿಯ ಹಿಂಬದಿಯಲ್ಲೋ ಸುತ್ತಿಟ್ಟಿದ್ದ ಕೂದಲ ಉಂಡೆಗಳನ್ನು ತಂದು ಅವನ ಪುಟ್ಟ ತಕ್ಕಡಿಗೆ ಹಾಕುತ್ತಾರೆ. ಬಾಚಣಿಗೆಗೆ ಸಿಕ್ಕು ಬಂದ ಈ ಕೂದಲು ಕೈಯಿಂದ ಕೈಗೆ ದಾಟಿ, ಬಹುಮಟ್ಟಿಗೆ ಕೊಪ್ಪಳದ ಪಕ್ಕದ ಭಾಗ್ಯನಗರದಂತಹ ಊರುಗಳನ್ನು ಸೇರುತ್ತದೆ. ಅಲ್ಲಿ ಅದನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವವರಲ್ಲಿ ಹೆಚ್ಚಿನವರು ಹೆಂಗಸರೇ. ಅಲ್ಲಿಂದ ಮುಂದಕ್ಕೆ ಅದು ಹೊರದೇಶದ ಸರಕು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು ಎಂಬುದೇ ಈ ವ್ಯಾಪಾರದ ಗಾತ್ರವನ್ನು ಸೂಚಿಸುತ್ತದೆ. ಅರ್ಥಶಾಸ್ತ್ರ ಓದಿದ ನನ್ನಂಥವನಿಗೆ ಇದು ಮೋಜಿನ ವಿಷಯ: ಕಸಕ್ಕೂ ಬೆಲೆಯುಂಟು, ಬೆಲೆಗೊಂದು ಸರಪಳಿಯುಂಟು.

ಎರಡು ವರ್ಷಗಳ ಹಿಂದೆ ಒಂದು ದಿನ ನನ್ನ ಪತ್ನಿ ತನ್ನ ಉಂಡೆಯ ಜೊತೆಗೆ ಇನ್ನೊಂದು ಉಂಡೆಯನ್ನೂ ತಂದಳು. ಅದು ನಮ್ಮ ಮನೆಯಲ್ಲಿದ್ದು ಧಾರವಾಡದ ಕಾಲೇಜಿಗೆ ಹೋಗುತ್ತಿದ್ದ ಅವಳ ತಂಗಿಯ ಮಗಳದು. ಹತ್ತೊಂಬತ್ತರ ಹುಡುಗಿ. ಆ ಎರಡನೆಯ ಉಂಡೆಯೇ ದೊಡ್ಡದಿತ್ತು. ಕೂದಲಿನವನು ಸಂತೋಷದಿಂದ ಒಂದು ಸ್ಟೀಲ್ ಬಟ್ಟಲು ಕೊಟ್ಟ. ಪತ್ನಿ ಬಟ್ಟಲನ್ನು ಒಳಗಿಟ್ಟು ಬಂದು, "ಇದು ನನ್ನದೇ ಕಾಯಿಲೆ" ಎಂದಳು. ಯಾವ ಕಾಯಿಲೆ ಎಂದು ನನಗೆ ತಿಳಿಯಲಿಲ್ಲ. ಮದುವೆಯಾಗಿ ಆಗ ಮೂವತ್ತೆಂಟು ವರ್ಷಗಳಾಗಿದ್ದವು.

ಈ ಲೇಖನದಲ್ಲಿ ಮನೆಯ ಸಂಗತಿಗಳನ್ನು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ; ಆಡಳಿತ ಸೇವೆಯಲ್ಲಿ ಕಡತಗಳ ನಡುವೆ ಮೂರು ದಶಕ ಕಳೆದವನು. ಆದರೆ ಒಂದು ಕಡತವನ್ನು ಮೊದಲ ಪುಟದಿಂದ ಓದದೆ ಟಿಪ್ಪಣಿ ಬರೆದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಆದದ್ದು ಅದೇ.

ಪತ್ನಿ ಪ್ರತಿದಿನ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಅಗುಳಿ ಹಾಕಿ ಹತ್ತು ನಿಮಿಷ ಕನ್ನಡಿಯ ಮುಂದೆ ಕಳೆಯುತ್ತಿದ್ದಳು. ಅದನ್ನು ನಾನು ಹೆಂಗಸರ ಅಲಂಕಾರಪ್ರೀತಿ ಎಂದು ಭಾವಿಸಿದ್ದೆ. ಆಗೀಗ ಹಾಸ್ಯವನ್ನೂ ಮಾಡಿದ್ದುಂಟು. ಅವಳು ಆ ಹತ್ತು ನಿಮಿಷ ಚಿಮುಟದಿಂದ ಗಲ್ಲದ ಕೂದಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದು ಈ ಬಟ್ಟಲಿನ ದಿನ. ಅವಳಿಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಮೊದಲ ಮಗು ಆರು ವರ್ಷ ತಡವಾಗಿ ಹುಟ್ಟಿತು. 2004ರಲ್ಲಿ, ನಲವತ್ತೊಂದನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಈ ನಾಲ್ಕು ಸಂಗತಿಗಳನ್ನು ನಾಲ್ಕು ಬೇರೆ ಬೇರೆ ಕಡತಗಳೆಂದೇ ನಾವು ತಿಳಿದಿದ್ದೆವು. ಮುಟ್ಟಿನ ಕಡತ ಒಬ್ಬ ವೈದ್ಯರ ಬಳಿ, ಸಕ್ಕರೆಯ ಕಡತ ಇನ್ನೊಬ್ಬರ ಬಳಿ, ಕೂದಲಿನ ಕಡತ ಅಗುಳಿ ಹಾಕಿದ ಕೋಣೆಯಲ್ಲಿ.

ಆಮೇಲೆ ಓದಲು ಕುಳಿತಾಗ ತಿಳಿದ ಒಂದು ವಿಷಯ ನನ್ನನ್ನು ಬಹಳ ಕಾಡಿತು. 1921ರಲ್ಲೇ ಪ್ಯಾರಿಸ್ಸಿನ ಅಶಾರ್ ಮತ್ತು ತಿಯೇರ್ ಎಂಬ ಇಬ್ಬರು ವೈದ್ಯರು "ಗಡ್ಡವಿರುವ ಹೆಂಗಸರ ಮಧುಮೇಹ" ಎಂಬ ಹೆಸರಿನಲ್ಲಿ ಈ ನಂಟನ್ನು ವರ್ಣಿಸಿದ್ದರು. ಹೆಸರು ಒರಟಾಗಿದೆ, ನಿಜ. ಆದರೆ ಮುಖದ ಕೂದಲಿಗೂ ರಕ್ತದ ಸಕ್ಕರೆಗೂ ಸಂಬಂಧವಿದೆ ಎಂದು ಅವರು ಗುರುತಿಸಿದ್ದರು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರನ್ನು ಅಧ್ಯಯನ ಮಾಡಿ, ಮುಟ್ಟು ನಿಲ್ಲುವುದು, ಸಂತಾನವಾಗದಿರುವುದು, ಅತಿಯಾದ ರೋಮ, ಅಂಡಾಶಯ ದಪ್ಪವಾಗಿರುವುದು ಇವುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದರು. ಇಂದು ನಾವು ಪಿಸಿಒಎಸ್ ಎನ್ನುವುದು ಇದನ್ನೇ. ರೋಗನಿರ್ಣಯದ ಮಾನದಂಡಗಳನ್ನು ಒಪ್ಪಿಕೊಳ್ಳಲು ತಜ್ಞರು ರಾಟರ್‌ಡ್ಯಾಮ್‌ನಲ್ಲಿ ಸಭೆ ಸೇರಿದ್ದು 2003ರಲ್ಲಿ. ನನ್ನ ಪತ್ನಿಗೆ ಸಕ್ಕರೆ ಕಾಯಿಲೆ ಬಂದದ್ದು ಅದರ ಮರುವರ್ಷ.

ಕೂದಲಿನ ಈ ವಿಚಿತ್ರ ವ್ಯವಹಾರವನ್ನು ಸ್ವಲ್ಪ ವಿವರಿಸಬೇಕು. ಆಂಡ್ರೋಜೆನ್‌ಗಳನ್ನು ನಾವು ಗಂಡಸಿನ ಹಾರ್ಮೋನ್ ಎಂದು ಕರೆಯುತ್ತೇವೆ. ಇದು ಅರ್ಧಸತ್ಯ. ಹೆಂಗಸಿನ ಅಂಡಾಶಯಗಳೂ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಇವನ್ನು ಸ್ರವಿಸುತ್ತವೆ. ಒಂದು ಭಾಗ ಕೊಬ್ಬು, ಚರ್ಮ ಮೊದಲಾದ ಅಂಗಾಂಶಗಳಲ್ಲಿ ತಯಾರಾಗುತ್ತದೆ. ಪ್ರಮಾಣ ಮಾತ್ರ ಕಡಿಮೆ. ಟೆಸ್ಟೋಸ್ಟೆರಾನ್ ಪುರುಷರಲ್ಲಿರುವುದರ ಸುಮಾರು ಹತ್ತರಲ್ಲೊಂದು ಭಾಗವೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಕೇಶಕೂಪದಲ್ಲಿ ಒಂದು ಕಿಣ್ವ ಈ ಟೆಸ್ಟೋಸ್ಟೆರಾನನ್ನು ಇನ್ನೂ ಪ್ರಬಲವಾದ ಡಿಎಚ್‌ಟಿ ಎಂಬ ರೂಪಕ್ಕೆ ತಿರುಗಿಸುತ್ತದೆ. ಸೋಜಿಗವಿರುವುದು ಇಲ್ಲಿ. ಗಲ್ಲ, ಮೇಲ್ತುಟಿ, ಎದೆ, ಹೊಟ್ಟೆಯ ಕೆಳಭಾಗಗಳಲ್ಲಿ ಇದೇ ಪದಾರ್ಥ ನವಿರಾದ, ಬಣ್ಣವಿಲ್ಲದ ರೋಮವನ್ನು ದಪ್ಪನೆಯ ಕಪ್ಪು ಕೂದಲಾಗಿ ಬೆಳೆಸುತ್ತದೆ. ನೆತ್ತಿಯ ಮೇಲೆ, ಅದಕ್ಕೆ ಮಣಿಯುವ ಸ್ವಭಾವದ ಕೂಪಗಳಿದ್ದರೆ, ದಪ್ಪ ಕೂದಲನ್ನು ಕುಗ್ಗಿಸಿ ನವಿರಾಗಿಸುತ್ತದೆ. ಬೇಡವಾದಲ್ಲಿ ಮೂಡಿಸುತ್ತದೆ, ಬೇಕಾದಲ್ಲಿ ಉದುರಿಸುತ್ತದೆ. ಗಲ್ಲಕ್ಕೆ ಒಂದು ಲೇಪ, ತಲೆಗೆ ಒಂದು ಎಣ್ಣೆ ಎಂದು ಎರಡು ಅಂಗಡಿಗಳಿಗೆ ಹಣ ಸುರಿಯುವ ಹುಡುಗಿಗೆ ಎರಡರ ಮೂಲ ಒಂದೇ ಇರಬಹುದೆಂದು ಯಾವ ಅಂಗಡಿಯವನೂ ಹೇಳುವುದಿಲ್ಲ.

ಇದರಲ್ಲಿ ಸಕ್ಕರೆಯ ಪಾತ್ರವೇನು? ಅದನ್ನು ನಾನು ಅರ್ಥಮಾಡಿಕೊಂಡದ್ದು ಹಣದುಬ್ಬರದ ಉಪಮೆಯಿಂದ. ಇನ್ಸುಲಿನ್ನಿನ ಮಾತಿಗೆ ಜೀವಕೋಶಗಳು ಕಿವಿಗೊಡದಿದ್ದಾಗ ಮೇದೋಜೀರಕ ಗ್ರಂಥಿ ಅದೇ ಕೆಲಸಕ್ಕೆ ಹೆಚ್ಚು ಹೆಚ್ಚು ಇನ್ಸುಲಿನ್ ಹೊರಡಿಸುತ್ತದೆ, ಬೆಲೆ ಕಳೆದುಕೊಂಡ ನೋಟನ್ನು ಇನ್ನಷ್ಟು ಮುದ್ರಿಸಿದಂತೆ. ಸಕ್ಕರೆ ಸದ್ಯಕ್ಕೆ ಹತೋಟಿಯಲ್ಲಿರುತ್ತದೆ. ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಆದರೆ ಈ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಹೆಚ್ಚು ಆಂಡ್ರೋಜೆನ್ ಸುರಿಸುವಂತೆ ಮಾಡುತ್ತದೆ. ಜೊತೆಗೆ, ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆಯೂ ಮಾಡುತ್ತದೆ. ಹಿಡಿದಿಡುವವನಿಲ್ಲದೆ ಬಿಡುವಾದ ಹಾರ್ಮೋನ್ ಕೂಪಗಳ ಮೇಲೆ ಎರಗುತ್ತದೆ. ಕುತ್ತಿಗೆಯ ಹಿಂಭಾಗ, ಕಂಕುಳಗಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗುವುದು ಹೀಗೆ ಇನ್ಸುಲಿನ್ ಮಿತಿಮೀರಿದ್ದರ ಗುರುತು. ನಮ್ಮ ಮನೆಗಳಲ್ಲಿ ಅದನ್ನು ಕೊಳೆ ಎಂದು ಭಾವಿಸಿ ಹೆಣ್ಣುಮಕ್ಕಳನ್ನು ಕಡ್ಲೆಹಿಟ್ಟಿನಿಂದ ತಿಕ್ಕಿಸುತ್ತೇವೆ. ನನ್ನ ಅತ್ತೆ ಪತ್ನಿಯ ಕುತ್ತಿಗೆಯನ್ನು ತಿಕ್ಕುತ್ತಿದ್ದುದನ್ನು ಅವಳು ಈಗಲೂ ಮರೆತಿಲ್ಲ.

ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ಕೋವಿಡ್ ಕಾಲ ಮುಗಿದು ಊರೆಲ್ಲ ಮಾಸ್ಕ್ ತೆಗೆದ ಮೇಲೂ ಅವಳು ತೆಗೆದಿರಲಿಲ್ಲ. ಚಿಗರಿ ಬಸ್ಸಿನಲ್ಲಿ ಧೂಳಿಲ್ಲ, ಎ.ಸಿ. ಇದೆ, ಆದರೂ ಮಾಸ್ಕ್ ಯಾಕಮ್ಮ ಎಂದು ನಾನೇ ಒಮ್ಮೆ ಕೇಳಿದ್ದೆ. ಅವಳು ಉತ್ತರಿಸಲಿಲ್ಲ. ಮೇ ತಿಂಗಳ ಸೆಖೆಯಲ್ಲೂ ತಲೆಗೆ ದುಪಟ್ಟಾ. ಬೈತಲೆ ಅಗಲವಾಗುತ್ತಿದ್ದುದನ್ನು ಮುಚ್ಚಲು ಅದು ಎಂಬುದು ಹೆಂಗಸರ ಕಣ್ಣಿಗೆ ಕಂಡಿತೇ ಹೊರತು ನನಗಲ್ಲ. ಅವಳ ತಾಯಿ ಫೋನಿನಲ್ಲಿ ಅಳುಕುತ್ತಾ ಮುಟ್ಟಿನ ಏರುಪೇರಿನ ಮಾತೆತ್ತಿದಾಗ, "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದ ಪಂಡಿತ ನಾನೇ. ಈ ವಾಕ್ಯವನ್ನು ನಾನು ಎಲ್ಲಿ ಕಲಿತೆ? ಬಹುಶಃ ಎಲ್ಲರೂ ಕಲಿತಲ್ಲೇ. ಅದಕ್ಕೆ ಯಾವ ಆಧಾರವೂ ಇಲ್ಲ.

ಮೊದಲು ನಾವು ಮಾಡಿದ್ದು ಎರಡು ತಪ್ಪುಗಳು. ದೂರದರ್ಶನದಲ್ಲಿ ಕಂಡ ಎಣ್ಣೆಯನ್ನು ನಾನೇ ಮೂರು ಬಾಟಲಿ ತರಿಸಿದೆ. ನಿವೃತ್ತ ಅಧಿಕಾರಿಯಾಗಿ ನನಗಿದು ನಾಚಿಕೆಯ ಸಂಗತಿ. 1945ರ ಔಷಧ ನಿಯಮಗಳ ಅನುಬಂಧ 'ಜೆ' ಯಾವ ಯಾವ ತೊಂದರೆಗಳನ್ನು ಗುಣಪಡಿಸುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳಬಾರದೆಂದು ಪಟ್ಟಿ ಮಾಡುತ್ತದೆ. ಬೋಳುತಲೆಯೂ, ಹೊಸ ಕೂದಲಿನ ಬೆಳವಣಿಗೆಯೂ ಆ ಪಟ್ಟಿಯಲ್ಲಿವೆ. ಹೆಂಗಸರ ಕಾಯಿಲೆಗಳ ಹಾಗೂ ಮುಟ್ಟಿನ ದೋಷಗಳ ಹೆಸರಿನಲ್ಲಿ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೆ ಎಣ್ಣೆ 'ಔಷಧ' ಅಲ್ಲ, 'ಸೌಂದರ್ಯವರ್ಧಕ' ಎಂದ ಕೂಡಲೇ ಬೇಲಿಯಲ್ಲೊಂದು ಕಿಂಡಿ ತೆರೆಯುತ್ತದೆ. ಆ ಕಿಂಡಿಯಲ್ಲಿ ಒಂದು ಇಡೀ ಉದ್ಯಮ ಹಾದುಹೋಗುತ್ತಿದೆ. ಸರಕನ್ನು ಬಳಸಿದ ಮೇಲೂ ಅದರ ಗುಣ ಕೊಳ್ಳುವವನಿಗೆ ತಿಳಿಯದಿರುವ ಮಾರುಕಟ್ಟೆಗಳಲ್ಲಿ ಮೋಸ ಸುಲಭ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಕೂದಲು ಅದಕ್ಕೆ ಅಚ್ಚುಕಟ್ಟಾದ ಉದಾಹರಣೆ: ಜ್ವರದ ನಂತರ ಉದುರಿದ್ದು ತಾನಾಗಿಯೇ ಬೆಳೆಯುತ್ತದೆ, ಕೀರ್ತಿ ಎಣ್ಣೆಗೆ ಸಲ್ಲುತ್ತದೆ.

ಎರಡನೆಯ ತಪ್ಪು, ಯಾರೋ ಹೇಳಿದರೆಂದು ಒಂದು ಕೇಂದ್ರದಲ್ಲಿ ನೇರವಾಗಿ ಸ್ಕ್ಯಾನ್ ಮಾಡಿಸಿದ್ದು. ಅಂಡಾಶಯದಲ್ಲಿ ನೀರ್ಗುಳ್ಳೆಗಳಿವೆ ಎಂದು ವರದಿ ಬಂತು. ಹುಡುಗಿ ಎರಡು ದಿನ ಊಟ ಮಾಡಲಿಲ್ಲ, ಗೆಡ್ಡೆಯೆಂದೇ ತಿಳಿದಿದ್ದಳು. ವಾಸ್ತವದಲ್ಲಿ ಅವು ಗೆಡ್ಡೆಗಳೂ ಅಲ್ಲ, ನೀರ್ಗುಳ್ಳೆಗಳೂ ಅಲ್ಲ. ಪಕ್ವವಾಗದೆ ನಿಂತ ಅಂಡಕೋಶಗಳು. ಕಾಯಿಲೆಯ ಹೆಸರೇ ದಾರಿ ತಪ್ಪಿಸುವಂಥದು. ಮೇಲಾಗಿ, ಮೊದಲ ಮುಟ್ಟಾಗಿ ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನ್ ಆಧರಿಸಿ ಈ ರೋಗವನ್ನು ನಿರ್ಧರಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯವಂತ ಅಂಡಾಶಯವೂ ಹಾಗೆ ಕಾಣುವುದುಂಟು.

ಕೊನೆಗೆ ಪತ್ನಿಯೇ ಹಟ ಹಿಡಿದು ಹುಬ್ಬಳ್ಳಿಯ ಒಬ್ಬ ಅಂತಃಸ್ರಾವ ತಜ್ಞೆಯ ಬಳಿಗೆ ಕರೆದೊಯ್ದಳು. ನಾನು ಹೊರಗೆ ಕುಳಿತಿದ್ದೆ. ವೈದ್ಯೆ ಮೊದಲ ಅರ್ಧ ಗಂಟೆ ಯಂತ್ರವನ್ನು ಮುಟ್ಟದೆ ಬರಿಯ ಪ್ರಶ್ನೆಗಳನ್ನು ಕೇಳಿದರಂತೆ. ಮುಟ್ಟು ಎಷ್ಟು ದಿನಕ್ಕೊಮ್ಮೆ? ಕೂದಲು ಬೆಳೆಯಲು ಶುರುವಾದದ್ದು ವರ್ಷಗಳಲ್ಲೋ, ತಿಂಗಳುಗಳಲ್ಲೋ? ದನಿ ಬದಲಾಗಿದೆಯೇ? ಯಾವ ಮಾತ್ರೆ ತೆಗೆದುಕೊಳ್ಳುತ್ತೀ? ಮುಖಕ್ಕೆ ಯಾವ ಕ್ರೀಮು? ಮನೆಯಲ್ಲಿ ಯಾರಿಗೆ ಸಕ್ಕರೆ ಇದೆ? ಈ ಒಂದೊಂದು ಪ್ರಶ್ನೆಗೂ ಕಾರಣವಿದೆ ಎಂದು ಆಮೇಲೆ ತಿಳಿಯಿತು. ಕೆಲವೇ ತಿಂಗಳುಗಳಲ್ಲಿ ದಟ್ಟವಾಗಿ ಕೂದಲು ಬೆಳೆದು, ದನಿ ಗಡುಸಾದರೆ ಅಂಡಾಶಯ ಅಥವಾ ಅಡ್ರಿನಲ್ಲಿನ ಗೆಡ್ಡೆಯನ್ನು ಶಂಕಿಸಬೇಕು. ಅಪರೂಪ, ಆದರೆ ತಡಮಾಡುವಂತಿಲ್ಲ. ಹುಟ್ಟಿನಿಂದ ಬಂದ ಅಡ್ರಿನಲ್ ಕಿಣ್ವದ ಕೊರತೆ ಕೆಲವರಲ್ಲಿ ಹರೆಯದಲ್ಲಿ ಮಾತ್ರ ಪ್ರಕಟವಾಗುತ್ತದೆ. ಅದಕ್ಕೆ ಬೇರೆಯದೇ ರಕ್ತಪರೀಕ್ಷೆಯಿದೆ. ಅಪಸ್ಮಾರದ ಕೆಲವು ಔಷಧಿಗಳಿಂದಲೂ ರೋಮ ಹೆಚ್ಚುತ್ತದೆ. ಇನ್ನು ಕ್ರೀಮಿನ ಪ್ರಶ್ನೆ. ಬಣ್ಣ ತಿಳಿಯಾಗಲೆಂದು ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿಕೊಂಡರೆ ಮುಖದಲ್ಲಿ ರೋಮ ಮೂಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹದಿನಾಲ್ಕು ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಅನುಬಂಧ 'ಎಚ್'ಗೆ ಸೇರಿಸಿತು. ನಮ್ಮ ಔಷಧಿ ಅಂಗಡಿಗಳಲ್ಲಿ ಚೀಟಿ ಕೇಳುವವರು ಎಷ್ಟು ಮಂದಿ ಎಂಬುದನ್ನು ಓದುಗರೇ ಬಲ್ಲರು.

ತಲೆಗೂದಲಿನ ಮಟ್ಟಿಗೆ ಎಲ್ಲವನ್ನೂ ಆಂಡ್ರೋಜೆನ್ನಿನ ತಲೆಗೆ ಕಟ್ಟುವುದೂ ತಪ್ಪು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಬಾಣಂತನದ ಎರಡು ಮೂರು ತಿಂಗಳ ಬಳಿಕ ಹಿಡಿ ಹಿಡಿಯಾಗಿ ಉದುರುವುದಕ್ಕೆ ಕಾರಣ, ಗರ್ಭಿಣಿಯಾಗಿದ್ದಾಗ ಈಸ್ಟ್ರೋಜೆನ್ ಉದುರದಂತೆ ತಡೆದಿಟ್ಟಿದ್ದ ಕೂದಲುಗಳು ಒಟ್ಟಿಗೆ ಬೀಳುವುದು. ಅದು ತಾನಾಗಿ ಸರಿಹೋಗುತ್ತದೆ. ಟೈಫಾಯ್ಡ್, ಡೆಂಗಿ, ಕೋವಿಡ್ ಜ್ವರಗಳ ನಂತರವೂ ಹೀಗೆಯೇ. ಥೈರಾಯ್ಡ್ ಕುಂದಿದರೂ ಉದುರುತ್ತದೆ. ಕಬ್ಬಿಣಾಂಶದ ಕೊರತೆಯಂತೂ ಹೇಳಬೇಕಾಗಿಯೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನರು. ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು, ಇದ್ದಷ್ಟೇ ಆಂಡ್ರೋಜೆನ್ ಮೇಲುಗೈ ಪಡೆಯುವುದರಿಂದ ಗಲ್ಲದಲ್ಲಿ ನಾಲ್ಕಾರು ಕೂದಲು ಮೂಡುವುದು ಸಾಮಾನ್ಯ. ಇನ್ನು ಕೆಲವರಲ್ಲಿ ಮುಟ್ಟು ಸರಿಯಾಗಿರುತ್ತದೆ, ರಕ್ತದಲ್ಲಿ ಹಾರ್ಮೋನ್ ಹದವಾಗಿರುತ್ತದೆ, ಆದರೂ ಕೂದಲಿರುತ್ತದೆ. ಅವರ ಕೂಪಗಳೇ ಸೂಕ್ಷ್ಮ. ಅತಿರೋಮವನ್ನು ಅಳೆಯಲು 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ರೂಪಿಸಿದ ಅಂಕಪಟ್ಟಿ ಇಂಗ್ಲೆಂಡಿನ ಹೆಂಗಸರನ್ನು ನೋಡಿ ಮಾಡಿದ್ದು. ಯಾವುದು 'ಹೆಚ್ಚು' ಎಂಬುದು ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ ಎಂದು ತಜ್ಞರೇ ಈಗ ಒಪ್ಪುತ್ತಾರೆ. ನಮ್ಮ ಅಜ್ಜಿಯರ ಮೇಲ್ತುಟಿಯ ನೆರಳು ಎಲ್ಲ ಕಾಲಕ್ಕೂ ಕಾಯಿಲೆಯಾಗಿರಲಿಲ್ಲ.

ಹೆಣ್ಣಿನ ಕೂದಲನ್ನು ಬರಿಯ ಕೂದಲಾಗಿ ನೋಡುವುದು ನಮಗೆ ಎಂದೂ ಸಾಧ್ಯವಾಗಿಲ್ಲ. ನಮ್ಮ ಈ ಭಾಗದಲ್ಲಿ ಹುಡುಗಿಯ ತಲೆಯಲ್ಲಿ ಜಡೆಗಟ್ಟಿದರೆ ಅದು ಸವದತ್ತಿಯ ಎಲ್ಲಮ್ಮನ ಕರೆ ಎಂದು ಭಾವಿಸಿ ಅವಳನ್ನು ಮುತ್ತು ಕಟ್ಟಿಸಿ ಬಿಡುತ್ತಿದ್ದರು. ಆ ಪದ್ಧತಿಯನ್ನು ನಿಷೇಧಿಸಲು ರಾಜ್ಯ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಎಣ್ಣೆ, ಸೀಗೆಕಾಯಿ, ಬಾಚಣಿಗೆಗಳಿಂದ ಬಗೆಹರಿಯಬೇಕಾದದ್ದು ದೈವಾಜ್ಞೆಯಾಗಿತ್ತು. 2024ರಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲಿಗಳಾದ ಬಾಲಕಿಯೊಬ್ಬಳ ಚಿತ್ರ ಪ್ರಕಟವಾದಾಗ ದೇಶದ ವಿದ್ಯಾವಂತರು ಅವಳ ಅಂಕಗಳನ್ನು ಬಿಟ್ಟು ಮೇಲ್ತುಟಿಯ ಕೂದಲನ್ನು ಎಣಿಸಿದರು. ಅವಳ ಹೆಸರನ್ನು ನಾನು ಮತ್ತೊಮ್ಮೆ ಅಚ್ಚು ಹಾಕಿಸುವುದಿಲ್ಲ. ನಮ್ಮ ಹುಡುಗಿ ಆ ವಾರ ಕಾಲೇಜಿಗೆ ಹೋಗಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಅವಳ ವರದಿಗಳಲ್ಲಿ ಟೆಸ್ಟೋಸ್ಟೆರಾನ್ ತುಸು ಹೆಚ್ಚಿತ್ತು, ಥೈರಾಯ್ಡ್ ಸರಿಯಿತ್ತು, ಕಬ್ಬಿಣದ ದಾಸ್ತಾನು ತಳ ಹಿಡಿದಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಸಹಜ. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ ಮಾತ್ರ ಗಡಿ ದಾಟಿತ್ತು. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಅವಳ ದೊಡ್ಡಮ್ಮನಿಗೆ ನಲವತ್ತೊಂದರಲ್ಲಿ ಗೊತ್ತಾದದ್ದು ಇವಳಿಗೆ ಹತ್ತೊಂಬತ್ತರಲ್ಲಿ ಗೊತ್ತಾಯಿತು. ಗೊತ್ತುಮಾಡಿಸಿದ್ದು ಗಲ್ಲದ ಕೂದಲು.

ಇಲ್ಲಿಗೆ ಬಂದಾಗ ನನ್ನೊಳಗಿನ ಹಳೆಯ ನೌಕರ ಎದ್ದು ಕುಳಿತುಕೊಳ್ಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಪಿಸಿಒಎಸ್ ಇದೆ. ಅವರಲ್ಲಿ ಶೇ 70ರವರೆಗೆ ಮಂದಿಗೆ ಅದು ಗೊತ್ತೇ ಇಲ್ಲ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಸಕ್ಕರೆ ಕಾಯಿಲೆಯ ಸಾಮೂಹಿಕ ತಪಾಸಣೆ ಆರಂಭವಾಗುವುದು ಮೂವತ್ತು ವರ್ಷದಿಂದ. ಹದಿಹರೆಯದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯೂ ಇದೆ. ಈ ಎರಡರ ನಡುವೆ, ಹತ್ತೊಂಬತ್ತರಿಂದ ಮೂವತ್ತರವರೆಗೆ, ಮದುವೆಯಾಗಿ ಗರ್ಭಿಣಿಯಾಗುವ ತನಕ ಹೆಣ್ಣುಮಗಳು ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ. ಈ ರೋಗವನ್ನು ಹಿಡಿಯಬೇಕಾದ ವಯಸ್ಸು ಅದೇ. ಪಿಸಿಒಎಸ್ ಇರುವವರ ಸಕ್ಕರೆಯನ್ನು ವಯಸ್ಸು ನೋಡದೆ, ರೋಗ ತಿಳಿದಾಗಲೇ ಪರೀಕ್ಷಿಸಿ, ಆಮೇಲೆ ಒಂದರಿಂದ ಮೂರು ವರ್ಷಗಳಿಗೊಮ್ಮೆ ನೋಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಇದಕ್ಕೆ ಹೊಸ ಆಸ್ಪತ್ರೆ ಬೇಡ. ಕಾಲೇಜುಗಳ ಆರೋಗ್ಯ ತಪಾಸಣೆಯ ನಮೂನೆಗೆ ಎರಡು ಸಾಲು ಸೇರಿಸಿದರೆ ಸಾಕು: ಮುಟ್ಟು ನಿಯಮಿತವೇ? ಬೇಡವಾದ ಕೂದಲಿನ ತೊಂದರೆಯಿದೆಯೇ? ಕೇಳುವವರು ಹೆಂಗಸರಾಗಿರಬೇಕು, ಕೇಳುವ ಕೋಣೆಗೆ ಬಾಗಿಲಿರಬೇಕು. ನಮೂನೆಗಳಿಗೆ ಸಾಲು ಸೇರಿಸುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅಸಾಧ್ಯವಲ್ಲ ಎಂಬುದೂ ಗೊತ್ತು.

ಚಿಕಿತ್ಸೆಯ ವಿಷಯದಲ್ಲಿ ಔಷಧಿಗಳ ಹೆಸರು, ಪ್ರಮಾಣಗಳನ್ನು ಬೇಕೆಂದೇ ಬರೆಯುತ್ತಿಲ್ಲ. ಮುಟ್ಟನ್ನು ಕ್ರಮಗೊಳಿಸುವ ಹಾರ್ಮೋನ್ ಮಾತ್ರೆಗಳಿವೆ, ಆಂಡ್ರೋಜೆನ್ನಿಗೆ ಅಡ್ಡಗಟ್ಟುವ ಔಷಧಿಗಳಿವೆ, ಇನ್ಸುಲಿನ್ನಿನ ಮಾತು ಕೋಶಗಳಿಗೆ ಕೇಳಿಸುವಂತೆ ಮಾಡುವ ಮಾತ್ರೆಯಿದೆ, ನೆತ್ತಿಗೆ ಹಚ್ಚುವ ದ್ರಾವಣವಿದೆ. ಇವುಗಳಲ್ಲಿ ಕೆಲವನ್ನು ಗರ್ಭಿಣಿಯಾಗುವ ಸಾಧ್ಯತೆಯಿರುವವರು ಮುಟ್ಟಲೇಬಾರದು. ಆದ್ದರಿಂದ ಗೆಳತಿಯ ಚೀಟಿ ನೋಡಿ ಕೊಳ್ಳುವುದು ಅಪಾಯ. ಕೂದಲು ಬೆಳೆಯುವುದು ಮೆಲ್ಲನೆ, ಹಿಂಜರಿಯುವುದೂ ಮೆಲ್ಲನೆ. ಆರು ತಿಂಗಳಾಗದೆ ಫಲ ಕಾಣದು. ಲೇಸರ್ ಇರುವ ಕೂದಲನ್ನು ಸುಡುತ್ತದೆ, ಹಾರ್ಮೋನನ್ನಲ್ಲ. ಮೂಲವನ್ನು ಹಾಗೇ ಬಿಟ್ಟು ಬರಿಯ ಲೇಸರಿಗೆ ಕಂತು ಕಟ್ಟಿದವರಿಗೆ ಕೂದಲು ಮರಳಿ ಬರುವುದು ಇದಕ್ಕೇ. ತೂಕ ಹೆಚ್ಚಿದ್ದವರು ಶೇ 5ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ಸುಧಾರಿಸುತ್ತದೆ. ಆದರೆ ತೆಳ್ಳಗಿನವರಿಗೂ ಈ ಕಾಯಿಲೆ ಬರುತ್ತದೆ, ನಮ್ಮ ಹುಡುಗಿಯೂ ತೆಳ್ಳಗಿದ್ದಾಳೆ. ಕಂಡವರೆಲ್ಲ ಹೆಂಗಸರಿಗೆ 'ತೂಕ ಇಳಿಸು' ಎಂದು ಉಪದೇಶಿಸುವುದು ಚಿಕಿತ್ಸೆಯಲ್ಲ. 2004ರಲ್ಲಿ ನನ್ನ ಪತ್ನಿಗೆ ಸಿಕ್ಕ ಏಕೈಕ ಸಲಹೆ ಅದಾಗಿತ್ತು.

ಈಗ ಹುಡುಗಿ ಸಂಜೆ ಎಪಿಎಂಸಿಯ ಕಡೆಗೆ ನಡೆದು, ಬನಶಂಕರಿ ಗುಡಿಯನ್ನು ಸುತ್ತು ಹಾಕಿ ಬರುತ್ತಾಳೆ, ಜೊತೆಗೆ ದೊಡ್ಡಮ್ಮ. ಇಬ್ಬರ ಸಕ್ಕರೆಯೂ ಒಂದೇ ಪುಸ್ತಕದಲ್ಲಿ ದಾಖಲಾಗುತ್ತದೆ. ಈ ಲೇಖನದ ಕರಡನ್ನು ಅವಳಿಗೆ ಓದಲು ಕೊಟ್ಟೆ. 'ಕೂದಲು ಹೋಯಿತು' ಎಂದು ನಾನು ಬರೆದಿದ್ದ ಒಂದು ಸಾಲನ್ನು ಹೊಡೆದುಹಾಕಿದಳು. ಹೋಗಿಲ್ಲ, ಕಡಿಮೆಯಾಗಿದೆ, ಮೊದಲು ಎರಡು ದಿನಕ್ಕೊಮ್ಮೆ ಕೀಳಬೇಕಿತ್ತು, ಈಗ ಹದಿನೈದು ದಿನಕ್ಕೊಮ್ಮೆ ದಾರ ಹಿಡಿಸಿದರೆ ನಡೆಯುತ್ತದೆ, ಹಾಗೆಂದೇ ಬರೆಯಿರಿ ಎಂದಳು. ಬೈತಲೆ ಇನ್ನೂ ಅಗಲವಾಗಿಯೇ ಇದೆ. ಮಾಸ್ಕ್ ಇಲ್ಲದೆ ಬಸ್ಸು ಹತ್ತುತ್ತಾಳೆ, ದುಪಟ್ಟಾ ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.